ಮೂಲೆ ಹರಿದ ಕಾರ್ಡು

ಹುನಗುಂದದ ನಮ್ಮ ಓಣಿಯಲ್ಲಿ ದುರಗಪ್ಪ ಗಂಜಿಹಾಳ ಅವರನ್ನು ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಎಲ್ಲರಿಗೂ ಅವರು ‘ಕಸದ ಸರ್’. ಕಸ ಎಂದರೆ ನಮ್ಮ ಕಡೆ ಹೊಲದ ಕಳೆ. ಬೇರೆ ಊರಿನವರು ಕೇಳಿದರೆ ಬೈಗುಳ ಎಂದುಕೊಂಡಾರು, ಆದರೆ ನಮಗೆ ಅದು ಪದವಿಯೇ ಆಗಿತ್ತು. ನನಗೆ ಸಸ್ಯಶಾಸ್ತ್ರ ಕಲಿಸಿದವರು ಅವರು. ನಾನು ಇವತ್ತು ನಾಲ್ಕು ಜನರಿಗೆ ಪಾಠ ಹೇಳಿ ಉಣ್ಣುತ್ತಿದ್ದರೆ ಅದು ಅವರಿಂದ, ಮತ್ತು ಅವರ ತಾಯಿ ಸಕ್ರವ್ವ ಹೊತ್ತಲ್ಲದ ಹೊತ್ತಿನಲ್ಲಿ ತಲೆಯ ಮೇಲೆ ಸುರಿದುಕೊಂಡ ತಣ್ಣೀರಿನಿಂದ. ಈ ಮಾತು ಕೇಳಿದವರು ನಗುತ್ತಾರೆ. ನಗಲಿ, ಪೂರ್ತಿ ಕೇಳಿ ಆಮೇಲೆ ನಗಲಿ.

ಸರ್ ಹುಟ್ಟಿದ್ದು ಕಮತಗಿಯಲ್ಲಿ. ಮನೆಗೆ ಇದ್ದದ್ದು ಒಂದು ತುಂಡು ಮಸಾರಿ ಹೊಲ, ಕೆಂಪು ಮಣ್ಣಿನದು. ಆ ಹೊಲದ ಜೋಳಕ್ಕೆ ಬಿಳಿ ಹೂವಿನ ಒಂದು ಕಳೆ ಗಂಟು ಬಿದ್ದಿತ್ತು. ನೋಡಲಿಕ್ಕೆ ಗೇಣುದ್ದ, ಹೂವು ಮುದ್ದಾಗಿರುತ್ತದೆ, ಆದರೆ ಮಣ್ಣಿನೊಳಗೆ ಜೋಳದ ಬೇರಿಗೆ ಅಂಟಿಕೊಂಡು ಅದರ ಸಾರವನ್ನೆಲ್ಲ ಹೀರಿಬಿಡುತ್ತದೆ. ಅದು ಮೇಲೆ ಬಂದು ಕಣ್ಣಿಗೆ ಬೀಳುವಷ್ಟರಲ್ಲಿ ಒಳಗೆ ಆಗಬೇಕಾದದ್ದೆಲ್ಲ ಆಗಿರುತ್ತದೆ. ತಂದೆ ಬೇಗ ತೀರಿಕೊಂಡರು. ಸಕ್ರವ್ವ ಮಗನನ್ನು ಕಟ್ಟಿಕೊಂಡು ಆ ಕಳೆ ಕಿತ್ತಳು, ಬೇರೆಯವರ ಹೊಲದ ಕಳೆಯನ್ನೂ ಕಿತ್ತಳು, ಕಿತ್ತು ಕಿತ್ತೇ ಮಗನನ್ನು ಧಾರವಾಡದವರೆಗೆ ಓದಿಸಿದಳು. ಎಪ್ಪತ್ಮೂರರಲ್ಲಿ ಅವರು ಹುನಗುಂದದ ಕಾಲೇಜಿಗೆ ಲೆಕ್ಚರರ್ ಆಗಿ ಬಂದರು. ಮದುವೆಯ ಮಾತೆತ್ತಿದರೆ ‘ಆ ಕಸದ ಸುದ್ದಿ ಒಂದು ಮುಗೀಲಿ’ ಎನ್ನುತ್ತಿದ್ದರಂತೆ. ತಾಯಿಗೂ ಮಗನಿಗೂ ಆ ಕಳೆಯ ಮೇಲೆ ಮನೆತನದ ಹಗೆ ಇತ್ತು.

ಕಾಲೇಜು ಎಂದೆನಲ್ಲ, ಅದು ಹಳೆಯ ಅರಳೆ ಗೋಡೌನು. ಮೇಲೆ ತಗಡು, ನಡುವೆ ಹಲಗೆಯ ಅಡ್ಡಗೋಡೆ. ಈ ಕಡೆ ಪ್ರಯೋಗಶಾಲೆ, ಆ ಕಡೆ ಪ್ರಿನ್ಸಿಪಾಲರ ಕೋಣೆ. ಪ್ರಿನ್ಸಿಪಾಲ್ ರಾಚಪ್ಪ ಬೇವೂರ ಅವರು ಆ ಕಡೆ ಚಹಾ ಹೀರಿದರೆ ಈ ಕಡೆ ನಮಗೆ ಕೇಳುತ್ತಿತ್ತು. ಬಾಗಲಕೋಟೆಯ ಕಾಲೇಜು ನೋಡಿ ಬಂದ ಹುಡುಗರು ಅಲ್ಲಿನ ಕಲ್ಲಿನ ಕಟ್ಟಡ, ದೊಡ್ಡ ಕಂಬಗಳನ್ನು ಹೊಗಳಿದರೆ ಸರ್ ಕೇಳಿಸಿಕೊಂಡು, “ಕಂಬಾ ಎಷ್ಟ ಅದಾವ ಅಂತ ಕಾಲೇಜು ಅಳೀಬಾರದ್ರಲೇ. ಒಳಗಿನ ಮಾತು ಎಷ್ಟು ದೂರ ಹೋಗ್ತೈತಿ ಅನ್ನೂದನ್ನ ನೋಡ್ರಿ. ಹಂಗ ನೋಡಿದ್ರ ನಮಗಿಂತ ದೊಡ್ಡ ಕಾಲೇಜು ಈ ಜಿಲ್ಲಾದಾಗ ಇಲ್ಲ,” ಎನ್ನುತ್ತಿದ್ದರು. ಆಗ ನಮ್ಮದು ವಿಜಾಪುರ ಜಿಲ್ಲೆ, ಸಣ್ಣದೇನಲ್ಲ. ಈ ಧೈರ್ಯ ಎಲ್ಲಿಂದ ಬಂತೋ ನಮಗೆ ತಿಳಿಯುತ್ತಿರಲಿಲ್ಲ. ಆದರೆ ಅವರು ಹೇಳಿದರೆ ನಂಬುವಂತಿರುತ್ತಿತ್ತು.

ಕೆಲಸಕ್ಕೆ ಸೇರಿದ ವರ್ಷದಿಂದಲೇ ಸರ್ ರಜೆ ಸಿಕ್ಕಾಗಲೆಲ್ಲ ಕಮತಗಿಯ ಹೊಲದಲ್ಲಿ ಕೂತರು. ಅಜ್ಜನ ಕಾಲದ ಒಂದು ಜೋಳದ ತಳಿಯ ಬೇರಿನ ಹತ್ತಿರ ಆ ಕಳೆಯ ಬೀಜ ಎಚ್ಚರವಾಗುವುದೇ ಇಲ್ಲ ಎಂಬುದನ್ನು ಕಂಡುಹಿಡಿದರು. ಅದನ್ನು ಬರೆದು ಕಳಿಸಿದರು, ಎಪ್ಪತ್ತೊಂಬತ್ತರಲ್ಲಿ ಅದು ವಿದೇಶದ ಒಂದು ಪತ್ರಿಕೆಯಲ್ಲಿ ಅಚ್ಚಾಯಿತು. ಪತ್ರಿಕೆಯವರು ಆ ಲೇಖನದ್ದೇ ಒಂದು ಕಟ್ಟು ಪ್ರತಿಗಳನ್ನು ಕಳಿಸಿಕೊಟ್ಟರು.

ಆಮೇಲೆ ಕಾಲೇಜಿನ ವಿಳಾಸಕ್ಕೆ ಕಾರ್ಡು ಬರತೊಡಗಿದವು. ಆಗ ಝೆರಾಕ್ಸ್ ಇನ್ನೂ ಊರೂರಿಗೆ ಬಂದಿರಲಿಲ್ಲ. ಎಲ್ಲೋ ಇರುವ ವಿಜ್ಞಾನಿಗೆ ನಿಮ್ಮ ಲೇಖನ ಓದಬೇಕೆನಿಸಿದರೆ ‘ದಯವಿಟ್ಟು ಒಂದು ಪ್ರತಿ ಕಳಿಸಿ’ ಎಂದು ನಿಮಗೇ ಒಂದು ಕಾರ್ಡು ಹಾಕುವುದು ರೂಢಿ. ಜೋಳ ಬೆಳೆಯುವ ದೇಶಗಳಿಗೆಲ್ಲ ಆ ಕಳೆಯ ಕಾಟ ಇತ್ತು. ಸುಡಾನಿನಿಂದ ಬಂತು, ನೈಜೀರಿಯಾದಿಂದ ಬಂತು, ಅಮೆರಿಕೆಯಿಂದ, ಹಂಗೇರಿಯಿಂದ, ಜಪಾನಿನಿಂದ ಬಂತು. ಎಲ್ಲದರಲ್ಲೂ ‘ಡಾಕ್ಟರ್ ಗಂಜಿಹಾಳ’ ಎಂದೇ ಇರುತ್ತಿತ್ತು. ಸರ್ ಡಾಕ್ಟರ್ ಆಗಿರಲಿಲ್ಲ. ಪ್ರಿನ್ಸಿಪಾಲರು, “ಏನ್ರಿ ಡಾಕ್ಟರ್, ನನ್ನ ಮಣಕಾಲು ಸ್ವಲ್ಪ ನೋಡ್ತೀರೇನು?” ಎಂದು ಚೇಷ್ಟೆ ಮಾಡುತ್ತಿದ್ದರು.

ಕಾರ್ಡು ಬಂದ ದಿನ ಕ್ಲಾಸಿನಲ್ಲಿ ಹಬ್ಬ. ಸರ್ ಒಂದು ಕಠಿಣ ಪ್ರಶ್ನೆ ಕೇಳುವರು. ಸರಿಯಾಗಿ ಉತ್ತರ ಹೇಳಿದವರಿಗೆ ಆ ಕಾರ್ಡಿನ ಸ್ಟ್ಯಾಂಪು ಬಹುಮಾನ. ಕತ್ತರಿ ಹುಡುಕುವ ತಾಳ್ಮೆ ಅವರಿಗೆಲ್ಲಿಯದು, ಸ್ಟ್ಯಾಂಪಿದ್ದ ಮೂಲೆಯನ್ನೇ ಚರ್ರನೆ ಹರಿದು ಕೈಗೆ ಕೊಡುವರು. ನನ್ನ ಗೆಳತಿ ಶಮಶಾದಬಿ ಜಾಣೆ, ಅರ್ಧ ಭೂಗೋಳ ಅವಳ ಪುಸ್ತಕದೊಳಗೆ ಸೇರಿತ್ತು. ನನಗೆ ಸಿಕ್ಕದ್ದು ಎರಡೇ. ಅವಳ ಮೇಲೆ ಹೊಟ್ಟೆಕಿಚ್ಚಿನಿಂದಲೇ ನಾನು ಸಸ್ಯಶಾಸ್ತ್ರ ಓದಿದೆ ಎಂದರೂ ತಪ್ಪಿಲ್ಲ. ಸರ್ ಅವತ್ತೇ ಅಂಚೆಗೆ ಪ್ರತಿ ಹಾಕಿ, ಮೂಲೆಯಿಲ್ಲದ ಕಾರ್ಡನ್ನು ಮನೆಗೆ ಒಯ್ದು, ಪಡಸಾಲೆಯ ಗೋಡೆಗೆ ನೇತುಹಾಕಿದ್ದ ತಂತಿಗೆ ಚುಚ್ಚುವರು. ಎಲ್ಲರ ಮನೆಯಲ್ಲೂ ಕಾಗದಪತ್ರ ಇಡುವುದು ಹಾಗೆ ತಂತಿಗೇ. ಚುಚ್ಚಿದ ಮೇಲೆ ಮರೆತರು. ಅಂಗಿಯ ಗುಂಡಿ ಮೇಲೆ ಕೆಳಗೆ ಹಾಕಿಕೊಂಡು ಇಡೀ ದಿನ ಪಾಠ ಹೇಳುವ ಮನುಷ್ಯ ತಂತಿಯ ಕಡೆಗೆ ಎಲ್ಲಿ ನೋಡಬೇಕು?

ನಮ್ಮದು ಅವರ ಪಕ್ಕದ ಮನೆ. ಹಿತ್ತಲಿನ ಗೋಡೆ ಒಂದೇ. ಆ ಕಾಲದಲ್ಲಿ ಸಕ್ರವ್ವನ ಒಂದು ನಡೆ ಓಣಿಯ ಹೆಂಗಸರಿಗೆಲ್ಲ ಒಗಟಾಗಿತ್ತು. ಒಮ್ಮೊಮ್ಮೆ ಬೆಳಿಗ್ಗೆ ಮಗ ಕಾಲೇಜಿಗೆ ಹೋದ ಮೇಲೆ, ಮಿಂದು ಪೂಜೆ ಮುಗಿಸಿದ ಮುದುಕಿ ಮತ್ತೆ ಬಚ್ಚಲಿಗೆ ಹೋಗಿ ಕೊಡಗಟ್ಟಲೆ ತಣ್ಣೀರು ತಲೆಯ ಮೇಲೆ ಹಾಕಿಕೊಳ್ಳುವಳು. ಥಂಡಿ ಇರಲಿ, ಮಳೆ ಇರಲಿ, ಬಿಟ್ಟಳೆಂಬುದಿಲ್ಲ. ಅವತ್ತು ಅವರ ಮನೆಯಿಂದ ಒಗ್ಗರಣೆಯ ವಾಸನೆ ಬರುತ್ತಿರಲಿಲ್ಲ. “ಏನೋ ಹರಕಿ ಇರಬೇಕು. ಮಗಗ ಹೆಣ್ಣು ಸಿಗಲಿ ಅಂತ,” ಎನ್ನುತ್ತಿದ್ದಳು ನನ್ನ ಅವ್ವ. ಸರ್ ಸಪ್ಪೆ ಸಾರು ಉಂಡು, “ಅವ್ವಗ ವಯಸ್ಸಾತು, ಒಗ್ಗರಣಿ ಮರೀತಾಳ,” ಎಂದುಕೊಂಡು ಸುಮ್ಮನಿರುತ್ತಿದ್ದರು.

ಎಂಬತ್ಮೂರರಲ್ಲಿ ನಾನು ಬಿ.ಎಸ್‌ಸಿ. ಎರಡನೆಯ ವರ್ಷದಲ್ಲಿದ್ದೆ. ಆ ವರ್ಷ ನಮ್ಮ ಕಾಲೇಜು ನಡೆಸುವ ಸಂಸ್ಥೆಯವರಿಗೆ ಒಂದು ಬುದ್ಧಿ ಹೊಳೆಯಿತು. ಅವರಿಗೆ ಬಾಗಲಕೋಟೆ, ಬಾದಾಮಿ, ಹುನಗುಂದ ಹೀಗೆ ಮೂರು ಊರಲ್ಲಿ ಕಾಲೇಜು. ಮೂರಕ್ಕೂ ಅಂಕ ಹಾಕಿ ಒಂದು, ಎರಡು, ಮೂರು ಎಂದು ಸಾಲು ಹಚ್ಚುವುದು, ಕೊನೆಗೆ ಬಂದ ಕಾಲೇಜಿನ ವಿಜ್ಞಾನ ವಿಭಾಗವನ್ನು ಮುಚ್ಚಿ ಬಾಗಲಕೋಟೆಗೆ ಸೇರಿಸುವುದು. ಕಟ್ಟಡ, ಫಲಿತಾಂಶ, ಗ್ರಂಥಾಲಯ, ಸಂಶೋಧನೆ, ಈ ನಾಲ್ಕಕ್ಕೆ ಸಮಸಮ ಅಂಕ. ಅಮೀನಗಡದ ಸಂತೆಯಲ್ಲಿ ಎತ್ತಿನ ಹಲ್ಲು ನೋಡುತ್ತಾರಲ್ಲ, ಹಾಗೆ. ಸಂತೆಯಲ್ಲಾದರೂ ಎತ್ತು ನಡೆಸಿ ನೋಡುತ್ತಾರೆ.

ನನ್ನ ಅಪ್ಪ ಅಂದಪ್ಪ ಕೋರ್ಟಿನಲ್ಲಿ ಗುಮಾಸ್ತ, ಒಂದು ಮಾತು ಹೇಳಿದರೆ ಕಲ್ಲಿನ ಮೇಲೆ ಕೊರೆದಂತೆ. “ಇಲ್ಲೇ ಇದ್ರ ಓದು. ಬಾಗಲಕೋಟಿ ಬಸ್ಸು ಹತ್ತೂದಾದ್ರ ಮದಿವಿ ಮಾಡೇ ಹತ್ತಸ್ತೇನಿ,” ಎಂದುಬಿಟ್ಟ. ಇಳಕಲ್ಲಿನಿಂದ ಒಂದು ಸಂಬಂಧವೂ ಬಂದಿತ್ತು. ಹುಡುಗನ ಸೀರೆ ಅಂಗಡಿ ದೊಡ್ಡದು, ಹುಡುಗನೂ ದೊಡ್ಡವನೇ, ನನಗಿಂತ ಹದಿನಾಲ್ಕು ವರ್ಷಕ್ಕೆ. ಶಮಶಾದಬಿಯ ಮನೆಯಲ್ಲೂ ಇದೇ ಮಾತು. ಬಿ.ಎಸ್‌ಸಿ.ಯಲ್ಲಿದ್ದ ನಾವು ಆರೇಳು ಹುಡುಗಿಯರಿಗೆ ಆ ಗೋಡೌನು ಬಿಟ್ಟರೆ ಬೇರೆ ಗತಿ ಇರಲಿಲ್ಲ. ನನಗೆ ಭಯಕ್ಕಿಂತ ಸಿಟ್ಟು ಬಂತು. ಯಾರೋ ಕಂಬ ಎಣಿಸಿ ನನ್ನ ಮದುವೆ ಗೊತ್ತುಮಾಡುತ್ತಾರಲ್ಲ!

ಅಂಕ ಹಾಕಲು ಧಾರವಾಡದಿಂದ ನಿವೃತ್ತ ಪ್ರೊಫೆಸರ್ ಮಂಟೂರ ಎಂಬವರು ಬಂದರು. ಪ್ರಾಣಿಶಾಸ್ತ್ರದವರು, ಎತ್ತರದ ಆಳು, ಮಾತು ಕಡಿಮೆ. ತಗಡಿನ ಚಾವಣಿಯನ್ನು ಒಮ್ಮೆ ನೋಡಿ ಏನೋ ಬರೆದುಕೊಂಡರು. ಕಟ್ಟಡದ ಕಥೆ ಅಲ್ಲಿಗೆ ಮುಗಿಯಿತು. ಫಲಿತಾಂಶದಲ್ಲಿ ನಾವು ನಡುವೆ, ಪುಸ್ತಕದಲ್ಲಿ ಕೊನೆಗೆ. ಉಳಿದದ್ದು ಸಂಶೋಧನೆ. ಅಡ್ಡಗೋಡೆಯ ಈ ಕಡೆ ನಾವು ಹಲಗೆಗೆ ಕಿವಿ ಹಚ್ಚಿ ಕೂತೆವು.

“ಪೇಪರ್ ಒಂದೇ ಏನ್ರಿ?” ಮಂಟೂರರ ದನಿ.

“ಒಂದೇ ರೀ. ಆದ್ರ ಭಾಳ ದೂರ ಹೋಗೇತ್ರಿ,” ಎಂದರು ನಮ್ಮ ಸರ್.

“ಬಾಗಲಕೋಟ್ಯಾವರು ಒಂಬತ್ತು ತೋರ್ಸ್ಯಾರ.”

“ಆ ಒಂಬತ್ತನ್ನ ಯಾರರ ಕೇಳಿ ತರಿಸಿಕೊಂಡು ಓದ್ಯಾರೇನು ಅಂತ ನೀವು ಕೇಳಿದ್ರೇನ್ರಿ?”

ಪ್ರಿನ್ಸಿಪಾಲರು ಕೆಮ್ಮಿದರು. ಅದು ಶೀತದ ಕೆಮ್ಮಲ್ಲ.

“ನಿಮ್ಮದನ್ನ ಯಾರು ಕೇಳ್ಯಾರ?” ಎಂದರು ಮಂಟೂರ.

“ಆಫ್ರಿಕಾದಿಂದ ಹಿಡಿದು ಜಪಾನಿನ ತನಕಾ ಕೇಳ್ಯಾರ್ರಿ. ಕಾರ್ಡು ಅದಾವ್ರಿ ನನ್ನ ಹಂತ್ಯಾಕ.”

“ತೋರಸ್ರಿ ಮತ್ತ.”

“ಮನ್ಯಾಗ ತಂತಿಗೆ ಹಾಕೇನ್ರಿ. ನೀವು ಚಹಾ ಕುಡೀರಿ, ತಂದ ಬಿಡ್ತೇನಿ.” ಸರ್ ಈ ಕಡೆ ಬಂದು ನನ್ನನ್ನು ಕರೆದರು. “ಇಂದ್ರಾ, ನೀನೂ ಬಾರವಾ. ಒಬ್ಬನ ಕೈಯಾಗ ಹಿಡಸೂದಿಲ್ಲ.”

ಅಷ್ಟು ನಂಬಿಕೆ ಆ ಮನುಷ್ಯನಿಗೆ.

ಮನೆಗೆ ಹೋದೆವು. ತಂತಿಯಲ್ಲಿ ಒಂದು ಲಗ್ನಪತ್ರಿಕೆ ಇತ್ತು, ಕಮತಗಿಯ ಕಾಕಾನ ಎರಡು ಪತ್ರ, ಕರೆಂಟಿನ ಬಿಲ್ಲು. ವಿದೇಶದ ಕಾರ್ಡು ಒಂದೂ ಇರಲಿಲ್ಲ. ಸರ್ ತಂತಿ ಕೆಳಗಿಳಿಸಿ ತಿರುಗಿಸಿ ನೋಡಿದರು, ಗೋಡೆಯ ಹಿಂದೆ ಇರುತ್ತವೆಯೋ ಎಂಬಂತೆ. ಸಕ್ರವ್ವ ಅಂಗಳದಲ್ಲಿ ಒದ್ದೆ ಕೂದಲು ಬಿಟ್ಟುಕೊಂಡು ಬಿಸಿಲಿಗೆ ಕೂತಿದ್ದಳು. ಹಿಂದಿನ ದಿನವಷ್ಟೇ ಒಂದು ಕಾರ್ಡು ಬಂದಿತ್ತು.

“ಯವ್ವಾ, ಇಲ್ಲಿನ ಕಾರ್ಡು ಎಲ್ಲಿ ಅದಾವು?”

“ಯಾವ ಕಾರ್ಡೋ?”

“ಮೂಲಿ ಹರಿದವು.”

ಮುದುಕಿ ಮಗನ ಮುಖ ನೋಡಿದಳು. ಸೆರಗಿನಿಂದ ಕಣ್ಣು ಒರೆಸಿಕೊಂಡಳು. “ಅವನ್ನೇನು ಮನ್ಯಾಗ ಇಡತಾರೇನೋ ಯಪ್ಪಾ? ಹರಿದು ಹಳ್ಳಕ್ಕ ಬಿಟ್ಟೇನಿ. ಅವ್ವ ಸಂಕಟಪಡ್ತಾಳ ಅಂತ ನೀ ನನ್ನ ಮುಂದ ಹೇಳಲಿಲ್ಲ. ನುಂಗೊಂಡಾನ, ಕೆದಕಬಾರದು ಅಂತ ನಾನೂ ಕೇಳಲಿಲ್ಲ. ಒಂದಕ್ಕೂ ತಪ್ಪಿಸಿಲ್ಲ ನೋಡು, ಎಲ್ಲಾದಕ್ಕೂ ತಲಿಮ್ಯಾಲ ನೀರು ಹಾಕ್ಕೊಂಡೇನಿ. ಒಗ್ಗರಣಿ ಹಾಕಿಲ್ಲ. ಯಾರ್ಯಾರು ಹೋದರೋ ಪಾಪ.”

ನಮ್ಮ ಕಡೆ ಸಾವಿನ ಸುದ್ದಿ ಹೊತ್ತ ಕಾರ್ಡಿನ ಮೂಲೆ ಹರಿದು ಕಳಿಸುತ್ತಾರೆ. ಓದು ಬಾರದವರಿಗೂ ನೋಡಿದ ಕೂಡಲೇ ತಿಳಿಯಲಿ ಎಂದು. ಅಂಥ ಕಾರ್ಡನ್ನು ಮನೆಯಲ್ಲಿ ಇಟ್ಟುಕೊಳ್ಳುವಂತಿಲ್ಲ, ಹರಿದು ಹಾಕಿ ಮೀಯಬೇಕು, ಅವತ್ತು ಅಡುಗೆಗೆ ಒಗ್ಗರಣೆ ಹಾಕಬಾರದು. ಸರ್ ಬಹುಮಾನಕ್ಕೆಂದು ಹರಿದ ಪ್ರತಿಯೊಂದು ಮೂಲೆಗೂ ಈ ತಾಯಿ ಒಂದು ಸಾವು ಕಂಡಿದ್ದಳು. ಬೇರೆ ದಿನವಾಗಿದ್ದರೆ ನಾನು ಬಿದ್ದು ಬಿದ್ದು ನಗುತ್ತಿದ್ದೆ. ಅವತ್ತು ಇಳಕಲ್ಲಿನ ಸೀರೆ ಅಂಗಡಿ ಕಣ್ಣ ಮುಂದೆ ಬಂದು ನಿಂತಿತು. ಇವಳ ಮಡಿಗೆ ಬೆಂಕಿ ಬೀಳಲಿ ಎಂದು ಮನಸ್ಸಿನಲ್ಲೇ ಬೈದೆ.

ಸರ್ ಕಟ್ಟೆಯ ಮೇಲೆ ಕುಸಿದು ಕೂತರು. ಅವರ ಹೆಗಲು ಅಲುಗಿತು. ಅಳುತ್ತಿದ್ದಾರೆ ಎಂದುಕೊಂಡೆ, ನಗುತ್ತಿದ್ದರು.

“ಯವ್ವಾ, ಯಾರೂ ಸತ್ತಿಲ್ಲ.”

“ಯಾರೂ?”

“ಎಲ್ಲಾರೂ ಗಟ್ಟಿ ಅದಾರ. ನಮ್ಮ ಹೊಲದ ಕಸದ ಮ್ಯಾಲ ಬರದೆನಲ್ಲ, ಅದನ್ನ ಕಳಸು ಅಂತ ಕೇಳ್ಯಾರ. ಸ್ಟ್ಯಾಂಪಿಗಂತ ಮೂಲಿ ಹರದಾಂವ ನಾನ.”

ಸಕ್ರವ್ವ ಎರಡೂ ಕೈ ಎತ್ತಿ ಮುಗಿದಳು. “ಎಲ್ಲಾರೂ ಉಳದ್ರಲ್ಲೋ ನನ್ನಪ್ಪಾ! ಹಾಲು ಕುಡದಂಗಾತು,” ಎಂದಳು. ಕಾಣದ ಆ ಜನರೆಲ್ಲ ಅವಳಿಗೆ ಆ ಕ್ಷಣ ಸಾವಿನ ಬಾಯಿಂದ ಹೊರಬಂದಿದ್ದರು. ಅವಳನ್ನು ಬೈದುಕೊಂಡ ನನ್ನ ಸಿಟ್ಟು ಅಲ್ಲೇ ಇಳಿಯಿತು. ಆಮೇಲೆ ಕಾರ್ಡು ಯಾಕೆ ಬೇಕಾಗಿದ್ದವೆಂದು ಅವಳಿಗೆ ತಿಳಿಯಬೇಕಿತ್ತು. ಕಾಲೇಜಿನ ಸುದ್ದಿ ಹೇಳಿದೆವು. ಮುದುಕಿ ಕೂದಲು ಗಂಟುಹಾಕಿಕೊಂಡು ಎದ್ದಳು. “ನಡಿ. ಕೆಡಿಸಿದಾಕಿ ನಾನು. ಆ ಸಾಹೇಬರ ಮುಂದ ನಾನ ಹೇಳ್ತೇನಿ.”

ನಾನು ಮುಂದೆ ಓಡಿದೆ. ಶಮಶಾದಬಿಗೆ ವಿಷಯ ಹೇಳಿದ್ದೇ ತಡ, ಅವಳು ಪುಸ್ತಕ ಕೊಡವಿದಳು. ಉಳಿದ ಹುಡುಗ ಹುಡುಗಿಯರೂ ತಮ್ಮ ತಮ್ಮ ಸ್ಟ್ಯಾಂಪಿನ ಮೂಲೆ ತೆಗೆದರು. ಕೊಡಲು ಕೆಲವರಿಗೆ ಹೊಟ್ಟೆ ಉರಿಯಿತು, ಆದರೂ ಕೊಟ್ಟರು.

ಪ್ರಿನ್ಸಿಪಾಲರ ಕೋಣೆಯಲ್ಲಿ ಕುರ್ಚಿ ಕೊಟ್ಟರೂ ಸಕ್ರವ್ವ ಕೂರಲಿಲ್ಲ. ನಿಂತೇ ಎಲ್ಲ ಹೇಳಿದಳು, ತಣ್ಣೀರು, ಸಪ್ಪೆ ಸಾರು ಯಾವುದನ್ನೂ ಬಿಡಲಿಲ್ಲ. ಮಂಟೂರರು ನಗು ತಡೆದುಕೊಂಡು ಕೇಳಿದರು: “ಅಲ್ಲವಾ, ಇಷ್ಟೊಂದು ಮಂದಿ ಹೆಂಗ ಸಾಯ್ತಾರ ಅಂತ ನಿಮಗ ಸಂಶಯ ಬರಲಿಲ್ಲೇನು?”

“ಸಾವು ಎಲ್ಲಿ ಇಲ್ರಿ ಸಾಹೇಬ್ರ? ಅದರಾಗ ಏನ್ ಸಂಶಯ?” ಎಂದಳು ಸಕ್ರವ್ವ. “ನಾ ನೋಡಿದ್ದು ಬ್ಯಾರೆ. ಸತ್ತ ಸುದ್ದಿ ಕಂಡಕಂಡವರಿಗೆ ಕಳಸಂಗಿಲ್ರಿ. ಇವರು ನಮ್ಮ ಬಳಗ ಅಂತ ಅನಕೊಂಡವರಿಗಷ್ಟ ಮುಟ್ಟಸ್ತಾರ. ನಮ್ಮ ಮನಿಗೆ ಕಮತಗಿ ಬಿಟ್ರ ಎಲ್ಲಿಂದ ಬರಬೇಕ್ರಿ ಸುದ್ದಿ? ನೋಡಿದ್ರ ನಮ್ಮ ಅಕ್ಷರನ ಅಲ್ಲ, ಹೆಸರು ಗೊತ್ತಿಲ್ಲದ ದೇಶದಿಂದ ಬರಾಕ ಹತ್ತಿದ್ವು. ಕಸಾ ಕಿತ್ತಾಕಿ ಮಗಗ ಇಷ್ಟು ದೂರ ಬಳಗ ಆತಲ್ಲ ಅಂತ ನೀರು ಹಾಕ್ಕೊಂತ ಹಾಕ್ಕೊಂತನ ಹೆಮ್ಮಿ ಪಟ್ಟೇನ್ರಿ. ಅಷ್ಟ ನೋಡ್ರಿ ನನಗ ಗೊತ್ತಿರೂದು.”

ಮಂಟೂರರು ಪೆನ್ನು ಕೆಳಗಿಟ್ಟರು. ಶಮಶಾದಬಿ ಮುಂದೆ ಹೋಗಿ ಮೂಲೆಗಳನ್ನೆಲ್ಲ ಮೇಜಿನ ಮೇಲೆ ಸುರಿದಳು. ಮಂಟೂರರು ಒಂದೊಂದನ್ನೇ ಎತ್ತಿ ಹಿಂದೆ ಮುಂದೆ ತಿರುಗಿಸಿದರು. ಸ್ಟ್ಯಾಂಪಿನ ಹಿಂಬದಿಯಲ್ಲಿ ಅಚ್ಚಾದ ಅರ್ಧರ್ಧ ಅಕ್ಷರ, ಯಾರದೋ ಕೈಬರಹದ ತುದಿ. ಜೀವಮಾನವಿಡೀ ಅಂಥ ಕಾರ್ಡು ಕಂಡವರು ಅವರು. ಯಾರೂ ಬಿಡಿಸಿ ಹೇಳುವ ಅಗತ್ಯವಿರಲಿಲ್ಲ.

“ಇಂಥವು ನನಗೂ ಬರ್ತಿದ್ವು,” ಎಂದರು ಕೊನೆಗೆ. “ನಾ ಯಾವ ಕಾರ್ಡಿಗೂ ಇಷ್ಟು ಮರ್ಯಾದಿ ಕೊಡಲಿಲ್ಲ.” ಆಮೇಲೆ ನಮ್ಮ ಸರ್ ಕಡೆ ತಿರುಗಿ, “ಗಂಜಿಹಾಳ ಅವರ, ನನಗೂ ಒಂದು ಪ್ರತಿ ಕೊಡ್ರಿ. ಓದಬೇಕು,” ಎಂದರು.

ಸಕ್ರವ್ವ ನನ್ನ ಕಿವಿಯಲ್ಲಿ, “ಇವರಿಗೂ ಕೊಡಬೇಕೇನ? ಇವರು ಕಾರ್ಡ ಹಾಕಿಲ್ಲಲ್ಲ,” ಎಂದಳು. ಕೋಣೆಗೆಲ್ಲ ಕೇಳಿಸಿತು.

ತಿಂಗಳೊಪ್ಪತ್ತಿನಲ್ಲಿ ಸಾಲು ಹೊರಬಿತ್ತು. ಬಾಗಲಕೋಟೆ ಒಂದನೆಯದು. ಸಂಶೋಧನೆಯಲ್ಲಿ ಪೂರ್ತಿ ಅಂಕ ಗಿಟ್ಟಿಸಿ ನಾವು ಎರಡನೆಯವರು, ಬಾದಾಮಿ ಕೊನೆಗೆ. ನಾನು ಮತ್ತು ಶಮಶಾದಬಿ ಗೋಡೌನಿನಲ್ಲಿ ಕುಣಿದೆವು. ಬಾದಾಮಿಯ ಹುಡುಗಿಯರ ನೆನಪಾಗಿ ಆಮೇಲೆ ಕಸಿವಿಸಿಯಾಯಿತು. ಅವರ ಊರಿಗೆ ಬಾಗಲಕೋಟೆಯ ರೈಲಾದರೂ ಇದೆ ಎಂದು ಸಮಾಧಾನ ಮಾಡಿಕೊಂಡೆ, ಅದು ಪೂರ್ತಿ ಸಮಾಧಾನವಲ್ಲ. ಇಳಕಲ್ಲಿನ ಸಂಬಂಧಕ್ಕೆ ಅಪ್ಪ ‘ಹುಡುಗಿ ಓದಾಕತ್ಯಾಳ’ ಎಂದು ಹೇಳಿ ಕಳಿಸಿದ. ಆ ಮಾತು ಹೇಳುವಾಗ ಅವನ ಮೀಸೆ ಸ್ವಲ್ಪ ಮೇಲೇರಿದ್ದನ್ನು ನಾನು ನೋಡಿದೆ.

ಅಲ್ಲಿಂದ ಮುಂದೆ ಕಾರ್ಡು ಬಂದರೆ ಸಕ್ರವ್ವ ಮಗನ ಕೈಯಲ್ಲಿ ಓದಿಸಿ, ಬರೆದವರ ಊರಲ್ಲಿ ಮಳೆ ಹೇಗೆ, ಜೋಳ ಹೇಗೆ ಎಂದು ಕೇಳಿ, ತಾನೇ ತಂತಿಗೆ ಚುಚ್ಚುತ್ತಿದ್ದಳು. ಅವತ್ತು ಬೆಳ್ಳುಳ್ಳಿ ಒಗ್ಗರಣೆಯ ಘಾಟಿಗೆ ನಮ್ಮ ಮನೆಯಲ್ಲಿ ಸೀನು. ಸರ್‌ಗೆ ಹೆಣ್ಣೂ ಸಿಕ್ಕಿತು, ಹೆಸರು ಮಾದೇವಿ, ಬೇವಿನಮಟ್ಟಿಯವರು. ‘ಹರಕಿ ಫಲಿಸ್ತು’ ಎಂದಳು ನನ್ನ ಅವ್ವ. ಎಷ್ಟು ಹೇಳಿದರೂ ಅವಳು ಅದನ್ನು ಹರಕೆ ಎಂದೇ ನಂಬಿದ್ದಳು.

ಮದುವೆ ಮಾಡದೆಯೇ ಅಪ್ಪ ನನ್ನನ್ನು ಧಾರವಾಡದ ಬಸ್ಸು ಹತ್ತಿಸಿದ. ಅಲ್ಲಿ ಓದು ಮುಗಿಸಿ ಅದೇ ಗೋಡೌನಿಗೆ ಲೆಕ್ಚರರ್ ಆಗಿ ಬಂದೆ. ಎಂಬತ್ತೆಂಟರ ಮಳೆಗಾಲದಲ್ಲಿ ಸಕ್ರವ್ವ ತೀರಿಕೊಂಡಳು. ದಿನಕರ್ಮ ಮುಗಿದ ಮೇಲೆ ಕಾಲೇಜಿಗೆ ಬಂದ ಸರ್ ಪ್ರಯೋಗಶಾಲೆಯಲ್ಲಿ ಒಬ್ಬರೇ ಕೂತು ಬರೆಯುತ್ತಿದ್ದರು. ಮುಂದೆ ತಂತಿಯ ಕಾರ್ಡುಗಳು, ಪಕ್ಕದಲ್ಲಿ ಹೊಸ ಕಾರ್ಡುಗಳ ಕಟ್ಟು. ಸುಡಾನ್, ನೈಜೀರಿಯಾ, ಹಂಗೇರಿ, ಜಪಾನ್. ಒಂದೊಂದು ವಿಳಾಸ ಬರೆದು ಮುಗಿದಂತೆ ಸ್ಟ್ಯಾಂಪಿಲ್ಲದ ಕಡೆಯ ಮೂಲೆಯನ್ನು ಹರಿಯುತ್ತಿದ್ದರು. ಈ ಸಲ ಚರ್ರನೆ ಅಲ್ಲ, ನಿಧಾನಕ್ಕೆ.

“ಸರ್, ಮೂಲಿ ಹರಿದ್ರ ಅವರಿಗೇನ್ ತಿಳೀತೈತ್ರಿ?” ಎಂದೆ.

“ತಿಳೀಲಿಕ್ಕಿಲ್ಲ,” ಎಂದರು ತಲೆಯೆತ್ತದೆ. “ಆದ್ರ ಬಳಗಕ್ಕ ಸುದ್ದಿ ಮುಟ್ಟಸಬೇಕಲ್ಲವಾ. ಇಂಥವರ ಸಲುವಾಗಿ ನೀರು ಹಾಕ್ಕೊಂಡಾಕಿ ಆಕಿ.”

ನಾನು ಎದುರು ಕೂತು ಉಳಿದ ಕಾರ್ಡುಗಳಿಗೆ ವಿಳಾಸ ಬರೆದುಕೊಟ್ಟೆ. ನಾವು ಲಿಂಗವಂತರು, ನಮ್ಮಲ್ಲಿ ಸೂತಕವಿಲ್ಲ. ಆದರೂ ಅವತ್ತು ಮನೆಗೆ ಬಂದವಳೇ ಬಚ್ಚಲಿಗೆ ಹೋಗಿ ಒಂದು ಕೊಡ ತಣ್ಣೀರು ತಲೆಯ ಮೇಲೆ ಸುರಿದುಕೊಂಡೆ. ಅವ್ವ ನನ್ನ ಒದ್ದೆ ಕೂದಲು ನೋಡಿದಳು. ಸಾರಿಗೆ ಒಗ್ಗರಣೆ ಹಾಕಲೆಂದು ಒಲೆಯ ಮೇಲಿಟ್ಟಿದ್ದ ಎಣ್ಣೆಯನ್ನು ಕೆಳಗಿಳಿಸಿದಳು.